ಗೇರ್ ಬೀಳುತ್ತಿಲ್ಲವೇ? ಗೇರ್‌ಬಾಕ್ಸ್ ಇಳಿಸಲು ಒಪ್ಪುವ ಮೊದಲು ನೋಡಬೇಕಾದ್ದು

ಎಂಜಿನ್ ಓಡುತ್ತಿದೆ, ಕ್ಲಚ್ ಪೂರ್ತಿ ಒತ್ತಿದ್ದೀರಿ, ಆದರೂ ಮೊದಲ ಗೇರ್ ಬೀಳುತ್ತಿಲ್ಲ. ಲಿವರ್ ತಳ್ಳಿದರೆ ಗೋಡೆಗೆ ತಾಗಿದ ಹಾಗೆ ನಿಲ್ಲುತ್ತದೆ. ರಿವರ್ಸ್‌ಗೆ ಎಳೆದರೆ ಕರ್‍ರ್ ಎಂದು ಹಲ್ಲು ಕಡಿಯುವ ಸದ್ದು. ಇಂಥ ಕಾರನ್ನು ಗ್ಯಾರೇಜಿಗೆ ಒಯ್ದರೆ ಬಹಳ ಕಡೆ ಮೊದಲು ಕೇಳಿಬರುವ ಮಾತು ‘ಗೇರ್‌ಬಾಕ್ಸ್ ಇಳಿಸಬೇಕು’. ಇಳಿಸಲೇಬೇಕಾದ ಸಂದರ್ಭಗಳು ಖಂಡಿತ ಇವೆ. ಆದರೆ ತೊಂದರೆ ಗೇರ್‌ಬಾಕ್ಸಿನ ಹೊರಗೇ ಇರುವುದು ಹೆಚ್ಚು: ಸಡಿಲಗೊಂಡ ಕ್ಲಚ್ ಕೇಬಲ್, ಸೋರಿಹೋದ ಕ್ಲಚ್ ಆಯಿಲ್, ಕಳಚಿಕೊಂಡ ಗೇರ್ ಕೇಬಲ್, ಕೆಲವೊಮ್ಮೆ ಪೆಡಲ್ ಕೆಳಗೆ ಮಡಚಿಕೊಂಡ ಮ್ಯಾಟ್. ಇವನ್ನೆಲ್ಲ ನೋಡಿ ಮುಗಿಸಲು ಒಂದು ಗಂಟೆ, ಟಾರ್ಚು, ನಾಲ್ಕು ಸ್ಪ್ಯಾನರ್ ಮತ್ತು ಪೆಡಲ್ ಒತ್ತಿಕೊಡಲು ಒಬ್ಬರು ಇದ್ದರೆ ಸಾಕು.

ಮೊದಲು ಮ್ಯಾನುಯಲ್ ಕಾರುಗಳ ವಿಷಯ ನೋಡೋಣ. ಎಎಂಟಿ (ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ಯಂತ್ರವೇ ಮಾಡುವ ಗೇರ್‌ಬಾಕ್ಸ್) ಮತ್ತು ಆಟೊಮ್ಯಾಟಿಕ್ ಕಾರುಗಳದ್ದು ಕೊನೆಯಲ್ಲಿದೆ.

ಎಂಜಿನ್ ಆಫ್ ಮಾಡಿದಾಗ ಗೇರ್ ಬೀಳುತ್ತದೆಯೇ?

ಇಡೀ ಪತ್ತೆಕಾರ್ಯ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿ. ಕ್ಲಚ್ ಒತ್ತಿ ಒಂದರಿಂದ ಐದರವರೆಗೆ, ಆಮೇಲೆ ರಿವರ್ಸ್‌ಗೆ, ನಿಧಾನವಾಗಿ ಹಾಕಿ ನೋಡಿ. ನಿಂತ ಕಾರಿನಲ್ಲಿ ಒಮ್ಮೊಮ್ಮೆ ಹಲ್ಲಿನ ತುದಿಗೆ ತುದಿ ತಾಗಿ ಒಂದು ಗೇರ್ ಬೀಳದೆ ಇರಬಹುದು. ಅದು ರೋಗವಲ್ಲ. ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಮತ್ತೆ ಒತ್ತಿ ಹಾಕಿ, ಇಲ್ಲವೇ ಕಾರನ್ನು ಒಂದೆರಡು ಇಂಚು ಹಿಂದೆಮುಂದೆ ತಳ್ಳಿ ನೋಡಿ.

ಎಂಜಿನ್ ನಿಂತಾಗ ಎಲ್ಲ ಗೇರ್ ಸಲೀಸಾಗಿ ಬಿದ್ದು, ಓಡುವಾಗ ಮಾತ್ರ ಬೀಳದಿದ್ದರೆ ತೊಂದರೆ ಕ್ಲಚ್ಚಿನದು. ನೀವು ಪೆಡಲ್ ಒತ್ತಿದ್ದರೂ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ. ಎಂಜಿನ್ ನಿಂತಾಗಲೂ ಬೀಳದಿದ್ದರೆ ಲಿವರ್, ಅದರಿಂದ ಹೊರಟ ಕೇಬಲ್ ಅಥವಾ ರಾಡ್, ಕೊನೆಗೆ ಗೇರ್‌ಬಾಕ್ಸಿನ ಒಳಭಾಗವನ್ನು ಅನುಮಾನಿಸಬೇಕು.

ಕಾರಣ ಸರಳ. ಗೇರ್ ಬೀಳಬೇಕಾದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಎಂಜಿನ್ನಿನ ಹಿಡಿತದಿಂದ ಬಿಡುಗಡೆಯಾಗಬೇಕು. ಆಗಷ್ಟೇ ಸಿಂಕ್ರೊ ರಿಂಗ್ ಅದರ ವೇಗವನ್ನು ಚಕ್ರದ ಕಡೆಯ ವೇಗಕ್ಕೆ ಹೊಂದಿಸುತ್ತದೆ. ಹೊಂದುವವರೆಗೆ ಅದು ದಾರಿ ಕೊಡುವುದಿಲ್ಲ. ಕ್ಲಚ್ ಅರ್ಧ ಹಿಡಿದೇ ಇದ್ದರೆ ಎಂಜಿನ್ ಆ ಶಾಫ್ಟನ್ನು ತಿರುಗಿಸುತ್ತಲೇ ಇರುತ್ತದೆ, ಸಿಂಕ್ರೊ ರಿಂಗ್ ದಾರಿ ಬಿಡುವುದೇ ಇಲ್ಲ. ನಿಮ್ಮ ಕೈಗೆ ‘ಗೋಡೆ’ಯ ಹಾಗೆ ಸಿಗುವುದು ಇದೇ. ಜೋರು ಮಾಡಿ ತಳ್ಳಿದರೆ ಸವೆಯುವುದು ಹಿತ್ತಾಳೆಯ ಸಿಂಕ್ರೊ ರಿಂಗ್, ಬಾಗುವುದು ಒಳಗೆ ಗೇರನ್ನು ಸರಿಸುವ ಶಿಫ್ಟ್ ಫೋರ್ಕ್. ಕೇಬಲ್ ಸರಿಮಾಡಿದರೆ ಮುಗಿಯುತ್ತಿದ್ದ ಕೆಲಸ ಆಗ ನಿಜವಾಗಿಯೂ ಗೇರ್‌ಬಾಕ್ಸಿನ ಕೆಲಸವಾಗುತ್ತದೆ. ಹಾಗಾಗಿ ದಯವಿಟ್ಟು ಲಿವರ್ ಮೇಲೆ ಬಲಪ್ರಯೋಗ ಬೇಡ.

ಕ್ಲಚ್ ಬಿಡುತ್ತಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳುವುದು

ಎಂಜಿನ್ ಐಡ್ಲಿಂಗ್‌ನಲ್ಲಿ ಓಡುತ್ತಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಕ್ಲಚ್ ಪೂರ್ತಿ ಒತ್ತಿ ಐದು ಸೆಕೆಂಡ್ ಕಾಯಿರಿ, ನಂತರ ಮೆಲ್ಲಗೆ ರಿವರ್ಸ್‌ಗೆ ಹಾಕಿ. ಬಹಳಷ್ಟು ಕಾರುಗಳಲ್ಲಿ ರಿವರ್ಸ್‌ಗೆ ಸಿಂಕ್ರೊ ಇರುವುದಿಲ್ಲ. ಹಾಗಾಗಿ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಅದು ಮುಚ್ಚಿಡದೆ ಹೇಳುತ್ತದೆ. ಕ್ಲಚ್ ಒತ್ತಿದ ಕೂಡಲೇ ಹಾಕಿದಾಗ ಮಾತ್ರ ಸದ್ದು ಬಂದು, ಐದು ಸೆಕೆಂಡ್ ಕಾದರೆ ಬರದಿದ್ದರೆ ಕ್ಲಚ್ ಚೆನ್ನಾಗಿಯೇ ಇದೆ. ತಿರುಗುತ್ತಿದ್ದ ಶಾಫ್ಟ್ ನಿಲ್ಲಲು ಅಷ್ಟು ಹೊತ್ತು ಬೇಕು. ಹತ್ತು ಸೆಕೆಂಡ್ ಕಾದರೂ ಕರ್‍ರ್ ಎಂದರೆ ಕ್ಲಚ್ ಹಿಡಿದೇ ಇದೆ.

ಇನ್ನೊಂದು ಪರೀಕ್ಷೆಗೆ ಮುಂದೆ ಹತ್ತು ಮೀಟರ್ ಖಾಲಿ ಜಾಗ ಬೇಕು. ಎಂಜಿನ್ ಆಫ್ ಇರುವಾಗ ಮೊದಲ ಗೇರ್ ಹಾಕಿ, ಕ್ಲಚ್ ಪೂರ್ತಿ ಒತ್ತಿ, ಬಲಗಾಲು ಬ್ರೇಕ್ ಮೇಲಿಟ್ಟು ಸ್ಟಾರ್ಟ್ ಮಾಡಿ. ಕಾರು ಮುಂದಕ್ಕೆ ಜಿಗಿದರೆ ಅಥವಾ ತೆವಳಲು ನೋಡಿದರೆ ಮತ್ತೆ ಸಂಶಯ ಬೇಡ. ಕಾರಿನ ಮುಂದೆ ಯಾರೂ ನಿಂತಿರಬಾರದು, ಮಕ್ಕಳಂತೂ ಆಸುಪಾಸಿನಲ್ಲೇ ಇರಬಾರದು.

ಇಲ್ಲೊಂದು ಗೊಂದಲ ಬಿಡಿಸಬೇಕು. ಗೇರ್ ಬೀಳದಿದ್ದರೆ ‘ಕ್ಲಚ್ ಪ್ಲೇಟ್ ಹೋಗಿದೆ’ ಎಂದುಬಿಡುವುದು ವಾಡಿಕೆ. ಸವೆದ ಪ್ಲೇಟ್ ಸಾಮಾನ್ಯವಾಗಿ ಜಾರುತ್ತದೆ: ಗೇರ್ ಬೀಳುತ್ತದೆ, ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಏರುತ್ತದೆ, ಕಾರು ಮಾತ್ರ ಎಳೆಯುವುದಿಲ್ಲ. ಗೇರೇ ಬೀಳದಿರುವುದು ಇದಕ್ಕೆ ತದ್ವಿರುದ್ಧ. ಒಂದರಲ್ಲಿ ಕ್ಲಚ್ ಹಿಡಿಯುತ್ತಿಲ್ಲ, ಇನ್ನೊಂದರಲ್ಲಿ ಬಿಡುತ್ತಿಲ್ಲ. ಎರಡಕ್ಕೂ ಒಂದೇ ಔಷಧ ಬರೆಯುವ ಮೆಕ್ಯಾನಿಕ್‌ಗೆ ಕಾರು ಒಪ್ಪಿಸುವ ಮೊದಲು ಇನ್ನೊಮ್ಮೆ ಯೋಚಿಸಿ.

ಪೆಡಲ್‌ನಿಂದ ಶುರುಮಾಡಿ

ಮೊದಲು ಕಾಲಡಿಯ ಮ್ಯಾಟ್ ತೆಗೆದು ಹೊರಗಿಡಿ. ಕಾರಿನ ಜೊತೆ ಬಂದ ಮ್ಯಾಟ್ ಮೇಲೆ ದಪ್ಪನೆಯ ಇನ್ನೊಂದು ಮ್ಯಾಟ್ ಹಾಸಿದ್ದರೆ ಪೆಡಲ್ ಕೊನೆಯ ಒಂದೆರಡು ಸೆಂಟಿಮೀಟರ್ ಇಳಿಯುವುದೇ ಇಲ್ಲ. ಕ್ಲಚ್ ಬಿಡುವುದು ಆ ಕೊನೆಯ ಭಾಗದಲ್ಲೇ ಆದರೆ ಮ್ಯಾಟ್ ಒಂದೇ ಸಾಕು ಗೇರ್ ಬೀಳದಂತೆ ಮಾಡಲು. ಸೀಟ್ ತೀರಾ ಹಿಂದಿದ್ದು ಕಾಲು ಪೂರ್ತಿ ಎಟುಕದಿದ್ದರೂ ಫಲ ಇದೇ.

ಆಮೇಲೆ ಪೆಡಲ್ ಕಾಲಿಗೆ ಹೇಗನಿಸುತ್ತದೆ ನೋಡಿ. ನೆಲಕ್ಕೆ ಬಿದ್ದು ಮೇಲೆ ಬರದಿದ್ದರೆ ಕೇಬಲ್ ತುಂಡಾಗಿದೆ ಅಥವಾ ಆಯಿಲ್ ಖಾಲಿಯಾಗಿದೆ. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ದಿನೇ ದಿನೇ ಗಟ್ಟಿಯಾಗುತ್ತ ಬಂದಿದ್ದರೆ ಕೇಬಲ್ ಒಳಗೆ ತುಕ್ಕು ಹಿಡಿದಿದೆ, ಎಳೆಗಳು ಬಿಚ್ಚಿಕೊಳ್ಳುತ್ತಿವೆ ಅಥವಾ ಕ್ಲಚ್ ಪ್ಲೇಟನ್ನು ಒತ್ತಿಹಿಡಿಯುವ ಪ್ರೆಶರ್ ಪ್ಲೇಟ್ ಸವೆದಿದೆ.

ಇನ್ನು ಬಾನೆಟ್ ತೆರೆಯಿರಿ. ಎಂಜಿನ್ ಆಫ್ ಇರಲಿ. ಒಬ್ಬರು ಪೆಡಲ್ ಒತ್ತುತ್ತಿರುವಾಗ ಗೇರ್‌ಬಾಕ್ಸಿನ ಮೇಲಿರುವ ಕ್ಲಚ್ ರಿಲೀಸ್ ಲಿವರನ್ನು ನೋಡಿ. ಅದು ಒಂದು ಸೆಂಟಿಮೀಟರ್‌ಗಿಂತ ಹೆಚ್ಚು, ತಡೆಯಿಲ್ಲದೆ ಚಲಿಸಬೇಕು. ಪೆಡಲ್ ಪೂರ್ತಿ ಇಳಿದರೂ ಲಿವರ್ ಅಲುಗದಿದ್ದರೆ ಅಥವಾ ಅರೆಬರೆ ಅಲುಗಿದರೆ ತೊಂದರೆ ಪೆಡಲ್ ಮತ್ತು ಲಿವರ್ ನಡುವೆ, ಅಂದರೆ ಹೊರಗೇ ಇದೆ. ಲಿವರ್ ಪೂರ್ತಿ ಚಲಿಸಿಯೂ ಗೇರ್ ಬೀಳದಿದ್ದರೆ ಮಾತ್ರ ತೊಂದರೆ ಬೆಲ್ ಹೌಸಿಂಗ್ (ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕ್ಲಚ್ಚನ್ನು ಮುಚ್ಚಿರುವ ಕವಚ) ಒಳಗೆ. ಗೇರ್‌ಬಾಕ್ಸ್ ಇಳಿಸಬೇಕೋ ಬೇಡವೋ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ.

ಕೇಬಲ್ ಕ್ಲಚ್

ಮಾರುತಿ 800, ಆಲ್ಟೊ ಮುಂತಾದ ಸಣ್ಣ ಕಾರುಗಳಲ್ಲಿ ಕ್ಲಚ್ಚಿಗೆ ಕೇಬಲ್ ಇದೆ. ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿ. ಬಿಗಿ ಸಿಗುವವರೆಗಿನ ಸಡಿಲವೇ ಫ್ರೀ ಪ್ಲೇ. ಮಾರುತಿಯ ಸಣ್ಣ ಕಾರುಗಳಲ್ಲಿ ಅದು ಪೆಡಲ್ ತುದಿಯಲ್ಲಿ ಸುಮಾರು 15ರಿಂದ 25 ಮಿ.ಮೀ., ಗೇರ್‌ಬಾಕ್ಸ್ ಕಡೆಯ ಲಿವರಿನಲ್ಲಿ 2ರಿಂದ 4 ಮಿ.ಮೀ. ಇರಬೇಕು. ನಿಮ್ಮ ಕಾರಿನ ನಿಖರ ಅಳತೆಗೆ ಅದರ ಮ್ಯಾನುಯಲ್ ನೋಡಿಕೊಳ್ಳಿ.

ಕೇಬಲ್ ಹಿಗ್ಗಿದರೆ ಫ್ರೀ ಪ್ಲೇ ಜಾಸ್ತಿಯಾಗುತ್ತದೆ, ಕ್ಲಚ್ ಪೂರ್ತಿ ಬಿಡುವುದಿಲ್ಲ. ಪ್ಲೇಟ್ ಸವೆದರೆ ಆಗುವುದು ಇದರ ತಿರುಗುಮುರುಗು: ಪ್ರೆಶರ್ ಪ್ಲೇಟಿನ ಬೆರಳುಗಳು ಅವನ್ನು ಒತ್ತುವ ರಿಲೀಸ್ ಬೇರಿಂಗ್ ಕಡೆಗೆ ಸರಿಯುವುದರಿಂದ ಫ್ರೀ ಪ್ಲೇ ಕಡಿಮೆಯಾಗುತ್ತ ಬರುತ್ತದೆ, ಕೊನೆಗೆ ಕ್ಲಚ್ ಜಾರತೊಡಗುತ್ತದೆ. ಆದ್ದರಿಂದ ಗೇರ್ ಬೀಳುತ್ತಿಲ್ಲವೆಂದು ನಟ್ಟನ್ನು ಕಣ್ಣುಮುಚ್ಚಿ ಬಿಗಿಯುತ್ತ ಹೋಗಬೇಡಿ. ಫ್ರೀ ಪ್ಲೇ ಸೊನ್ನೆಯಾದರೆ ಗೇರ್ ಬೀಳುವುದೇನೋ ಹೌದು, ಆದರೆ ರಿಲೀಸ್ ಬೇರಿಂಗ್ ಸದಾ ಒತ್ತಿಕೊಂಡೇ ತಿರುಗಿ, ಪ್ಲೇಟೂ ಬೇರಿಂಗೂ ಬೇಗನೆ ಹಾಳಾಗುತ್ತವೆ.

ಹೊಂದಿಸುವ ನಟ್ ಕೇಬಲ್ ತುದಿಯಲ್ಲಿ, ರಿಲೀಸ್ ಲಿವರಿನ ಬಳಿ ಇದೆ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಕೇಬಲ್ ತುದಿ ತಿರುಗದಂತೆ ಇಕ್ಕಳದಲ್ಲಿ ಹಿಡಿದುಕೊಂಡು ನಟ್ಟನ್ನು ಎರಡು ಸುತ್ತು ಬಿಗಿಯಿರಿ, ಹತ್ತು ಸಲ ಪೆಡಲ್ ಒತ್ತಿ, ಮತ್ತೆ ಅಳೆಯಿರಿ. ಅಳತೆ ಬರುವವರೆಗೆ ಹೀಗೇ ಮುಂದುವರಿಸಿ. ಥ್ರೆಡ್ ಮುಗಿಯುತ್ತ ಬಂದಿದ್ದರೆ, ತುದಿಯಲ್ಲಿ ಒಂದೇ ಒಂದು ಎಳೆ ಬಿಚ್ಚಿಕೊಂಡಿದ್ದರೂ ಕೇಬಲ್ ಬದಲಾಯಿಸಿ. ಕೇಬಲ್ ಬೆಲೆ ನೂರರ ಲೆಕ್ಕದ್ದು, ಕ್ಲಚ್ ಸೆಟ್ಟಿನದು ಸಾವಿರಗಳ ಲೆಕ್ಕದ್ದು. ಹೊಸ ಕೇಬಲ್ ಹಾಕುವಾಗ ಹಳೆಯದು ಹೋಗಿದ್ದ ದಾರಿಯಲ್ಲೇ ಎಳೆಯಬೇಕು. ಚೂಪಾಗಿ ಬಾಗಿದರೆ ಅಥವಾ ಸೈಲೆನ್ಸರ್ ಪೈಪಿನ ಹತ್ತಿರ ಹಾದುಹೋದರೆ ಹೊಸತೂ ಬೇಗ ಹಾಳಾಗುತ್ತದೆ.

ಹೈಡ್ರಾಲಿಕ್ ಕ್ಲಚ್

ಇಲ್ಲಿ ಕೇಬಲ್ ಬದಲು ಆಯಿಲ್ ಕೆಲಸ ಮಾಡುತ್ತದೆ. ಪೆಡಲಿನ ಹಿಂದೆ ಮಾಸ್ಟರ್ ಸಿಲಿಂಡರ್, ಗೇರ್‌ಬಾಕ್ಸಿನ ಬಳಿ ಸ್ಲೇವ್ ಸಿಲಿಂಡರ್, ನಡುವೆ ಪೈಪು. ಎಷ್ಟೋ ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಆಯಿಲ್ ಡಬ್ಬಿ ಒಂದೇ. ಆದ್ದರಿಂದ ಮಟ್ಟ ಇಳಿದಿದ್ದರೆ ಅದನ್ನು ಬ್ರೇಕಿನ ವಿಷಯವೆಂದೂ ಭಾವಿಸಿ ತಕ್ಷಣ ಸೋರಿಕೆ ಹುಡುಕಿ.

ಹುಡುಕಬೇಕಾದ ಜಾಗಗಳು ಎರಡು. ಒಂದು, ಕ್ಲಚ್ ಪೆಡಲಿನ ಮೇಲ್ಭಾಗ: ಬೆರಳು ಹಾಕಿ ಸವರಿದರೆ ಪಸೆ ಹತ್ತುತ್ತದೆಯೇ? ಇನ್ನೊಂದು, ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ: ಅಂಚು ಎತ್ತಿದರೆ ಆಯಿಲ್ ತೊಟ್ಟಿಕ್ಕುತ್ತದೆಯೇ? ಸ್ಲೇವ್ ಸಿಲಿಂಡರ್ ಬೆಲ್ ಹೌಸಿಂಗ್ ಒಳಗೇ, ಶಾಫ್ಟಿನ ಸುತ್ತ ಇರುವ ಕಾರುಗಳೂ ಇವೆ. ಅವುಗಳಲ್ಲಿ ಸೋರಿದ ಆಯಿಲ್ ಎಂಜಿನ್-ಗೇರ್‌ಬಾಕ್ಸ್ ಕೂಡುವ ಜಾಗದಿಂದ ಕೆಳಗೆ ಜಿನುಗುತ್ತದೆ. ಅಂಥದ್ದಕ್ಕೆ ಗೇರ್‌ಬಾಕ್ಸ್ ಇಳಿಸದೆ ದಾರಿಯಿಲ್ಲ.

ಎಲ್ಲೂ ಸೋರದೆ ಡಬ್ಬಿ ತುಂಬಿದ್ದರೂ ಗೇರ್ ಬೀಳದಿರಬಹುದು. ಆಗ ಪೆಡಲನ್ನು ಐದಾರು ಸಲ ಬೇಗ ಬೇಗ ಒತ್ತಿಬಿಟ್ಟು, ಕೊನೆಯ ಸಲ ಒತ್ತಿಹಿಡಿದು ಗೇರ್ ಹಾಕಿ. ಈಗ ಬಿದ್ದರೆ ಪೈಪಿನಲ್ಲಿ ಗಾಳಿ ಇದೆ ಅಥವಾ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಸೋತಿದೆ. ಇವೆರಡರಲ್ಲಿ ಯಾವುದು ಎಂದು ತಿಳಿಯಲು ಸಮತಟ್ಟು ಜಾಗದಲ್ಲಿ ಮೊದಲ ಗೇರ್ ಹಾಕಿ, ಕ್ಲಚ್ ಒತ್ತಿಹಿಡಿದು, ಬ್ರೇಕ್ ಮೇಲೆ ಕಾಲಿಟ್ಟು ಒಂದು ನಿಮಿಷ ಇರಿ. ಮೊದಲು ಸುಮ್ಮನಿದ್ದ ಕಾರು ಅರ್ಧ ನಿಮಿಷದ ಮೇಲೆ ಮುಂದಕ್ಕೆ ಒತ್ತತೊಡಗಿದರೆ ಸೀಲ್ ಒಳಗೊಳಗೇ ಆಯಿಲ್ ಬಿಡುತ್ತಿದೆ. ಸಿಗ್ನಲ್ಲಿನಲ್ಲಿ ಕ್ಲಚ್ ಒತ್ತಿಕೊಂಡೇ ನಿಂತವರಿಗೆ ಹಸಿರು ದೀಪ ಬಿದ್ದಾಗ ಗೇರ್ ಸಿಗದಿರುವುದು ಹೆಚ್ಚಾಗಿ ಈ ಕಾರಣಕ್ಕೆ.

ಗಾಳಿ ತೆಗೆಯುವ ಕೆಲಸ ಇಬ್ಬರದ್ದು. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವಂತೆ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲ್, ಸೀಲ್ ಒಡೆಯದ ಹೊಸ ಬಾಟಲಿ, ಅರ್ಧ ಲೀಟರ್ ಧಾರಾಳವಾಗಿ ಸಾಕು. ಜೊತೆಗೆ ಸ್ಲೇವ್ ಸಿಲಿಂಡರಿನಲ್ಲಿ ಗಾಳಿ ಹೊರಬಿಡಲು ಇರುವ ನಿಪ್ಪಲ್ಲಿಗೆ ಬಿಗಿಯಾಗಿ ಕೂರುವ ಒಂದಡಿ ಪಾರದರ್ಶಕ ಟ್ಯೂಬ್, ಒಂದು ಖಾಲಿ ಬಾಟಲಿ, ನಿಪ್ಪಲ್ಲಿನ ಅಳತೆಯ ಸ್ಪ್ಯಾನರ್. ಅದು ಸಾಮಾನ್ಯವಾಗಿ 8, 10 ಅಥವಾ 11 ಮಿ.ಮೀ. ಇರುತ್ತದೆ.

1. ಡಬ್ಬಿಯನ್ನು ‘ಮ್ಯಾಕ್ಸ್’ ಗೆರೆಯವರೆಗೆ ತುಂಬಿಸಿ. ಸ್ಲೇವ್ ಸಿಲಿಂಡರಿನ ನಿಪ್ಪಲ್ ಒರೆಸಿ, ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯಲ್ಲಿ ಸ್ವಲ್ಪ ಆಯಿಲ್ ಹಾಕಿ ಅದರಲ್ಲಿ ಮುಳುಗಿಸಿ.
2. ಒಳಗಿರುವವರು ಪೆಡಲನ್ನು ಮೂರು ಸಲ ನಿಧಾನವಾಗಿ ಒತ್ತಿಬಿಟ್ಟು, ಕೆಳಗೆ ಒತ್ತಿಹಿಡಿದು ‘ಹಿಡಿದೆ’ ಎನ್ನಬೇಕು.
3. ನೀವು ನಿಪ್ಪಲ್ಲನ್ನು ಅರ್ಧ ಸುತ್ತು ಬಿಡಿಸಿ. ಗುಳ್ಳೆಗಳ ಜೊತೆ ಆಯಿಲ್ ಬರುತ್ತದೆ. ಹರಿವು ನಿಲ್ಲುವ ಮೊದಲೇ ಮುಚ್ಚಿ ‘ಬಿಡಿ’ ಎನ್ನಿ. ಮುಚ್ಚುವ ಮುನ್ನ ಅವರು ಪೆಡಲ್ ಬಿಟ್ಟರೆ ಹೊರಗಿನ ಗಾಳಿ ಒಳಗೆ ಹೋಗಿ ಮಾಡಿದ ಕೆಲಸ ವ್ಯರ್ಥ.
4. ಗುಳ್ಳೆ ಬರುವುದು ನಿಂತು ಆಯಿಲ್ ತಿಳಿಯಾಗುವವರೆಗೆ ಹೀಗೇ ಮಾಡಿ. ನಾಲ್ಕೈದು ಸಲಕ್ಕೊಮ್ಮೆ ಡಬ್ಬಿಯ ಮಟ್ಟ ನೋಡಿ ತುಂಬಿಸುತ್ತಿರಿ. ಅದು ಬರಿದಾದರೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ, ಡಬ್ಬಿ ಒಂದೇ ಇರುವ ಕಾರಿನಲ್ಲಿ ಬ್ರೇಕಿಗೂ ಗಾಳಿ ಸೇರಬಹುದು.

ನಿಪ್ಪಲ್ಲನ್ನು ಹದವಾಗಿ ಬಿಗಿದರೆ ಸಾಕು. ಚಿಕ್ಕ ವಸ್ತು, ಮುರಿದರೆ ಸಿಲಿಂಡರೇ ಬದಲಾಗಬೇಕು. ಬ್ರೇಕ್ ಆಯಿಲ್ ಕಾರಿನ ಬಣ್ಣ ತಿನ್ನುತ್ತದೆ, ಬಿದ್ದ ಕೂಡಲೇ ನೀರು ಹಾಕಿ ತೊಳೆಯಿರಿ. ಡಬ್ಬಿಗೆ ಎಂಜಿನ್ ಆಯಿಲನ್ನೋ ಪವರ್ ಸ್ಟೀರಿಂಗ್ ಆಯಿಲನ್ನೋ ಹಾಕಿದರೆ ರಬ್ಬರ್ ಸೀಲುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಆಮೇಲೆ ಕ್ಲಚ್ ಮಾತ್ರವಲ್ಲ, ಬ್ರೇಕಿನ ಇಡೀ ವ್ಯವಸ್ಥೆ ಬಿಚ್ಚಬೇಕಾಗುತ್ತದೆ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ, ಹಾಗಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು.

ಮಳೆಗಾಲದಲ್ಲಿ ನಿಂತ ಕಾರು

ಕರಾವಳಿ, ಮಲೆನಾಡಿನವರಿಗೆ ಪರಿಚಿತ ತೊಂದರೆ ಇದು. ಜೂನ್‌ನಿಂದ ಕಾರು ತೆಗೆದೇ ಇಲ್ಲ, ಆಗಸ್ಟ್‌ನಲ್ಲಿ ಸ್ಟಾರ್ಟ್ ಮಾಡಿದರೆ ಗೇರ್ ಬೀಳುವುದಿಲ್ಲ. ಪೆಡಲ್ ಸರಿ, ಕೇಬಲ್ ಸರಿ, ರಿಲೀಸ್ ಲಿವರೂ ಪೂರ್ತಿ ಚಲಿಸುತ್ತಿದೆ. ತೇವಕ್ಕೆ ಫ್ಲೈವೀಲ್ (ಎಂಜಿನ್ ತಿರುಗಿಸುವ, ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಚಕ್ರ) ಮೇಲೆ ತುಕ್ಕು ಕಟ್ಟಿ ಕ್ಲಚ್ ಪ್ಲೇಟ್ ಅದಕ್ಕೆ ಅಂಟಿಕೊಂಡಿರುತ್ತದೆ.

ಬಿಡಿಸಲು ಒಂದು ಉಪಾಯವಿದೆ, ಆದರೆ ಖಾಲಿ ಮೈದಾನವೇ ಬೇಕು. ಬೀದಿಯಲ್ಲಿ, ಕಾಂಪೌಂಡಿನೊಳಗೆ ಬೇಡ. ನ್ಯೂಟ್ರಲ್‌ನಲ್ಲಿ ಹತ್ತು-ಹದಿನೈದು ನಿಮಿಷ ಎಂಜಿನ್ ಓಡಿಸಿ ಬಿಸಿಮಾಡಿ, ಆಫ್ ಮಾಡಿ. ಎರಡನೇ ಗೇರ್ ಹಾಕಿ, ಕ್ಲಚ್ ಒತ್ತಿಯೇ ಸ್ಟಾರ್ಟ್ ಮಾಡಿ. ಪ್ಲೇಟ್ ಅಂಟಿರುವುದರಿಂದ ಕಾರು ಹೊರಟುಬಿಡುತ್ತದೆ. ಕ್ಲಚ್ ಒತ್ತಿಕೊಂಡೇ ಆಕ್ಸಿಲರೇಟರನ್ನು ಒಮ್ಮೆ ಒತ್ತಿ, ಒಮ್ಮೆಲೇ ಬಿಡಿ; ನಡುನಡುವೆ ಬ್ರೇಕ್ ಮುಟ್ಟಿಸಿ. ‘ಟಕ್’ ಎಂದು ಬಿಟ್ಟುಕೊಂಡರೆ ಎಂಜಿನ್ ಹಗುರಾದದ್ದು ತಕ್ಷಣ ತಿಳಿಯುತ್ತದೆ. ನಿಲ್ಲಿಸಬೇಕೆಂದಾಗ ಕ್ಲಚ್ ನೆರವಿಗೆ ಬರುವುದಿಲ್ಲ, ಗಟ್ಟಿಯಾಗಿ ಬ್ರೇಕ್ ಒತ್ತಿ ಎಂಜಿನ್ ಬಂದ್ ಆಗಲು ಬಿಡಬೇಕು. ಐದಾರು ಪ್ರಯತ್ನಕ್ಕೂ ಬಿಡದಿದ್ದರೆ ಅಲ್ಲಿಗೆ ನಿಲ್ಲಿಸಿ. ಅತಿಯಾದರೆ ಪ್ಲೇಟಿನ ಲೈನಿಂಗ್ ಕಿತ್ತುಬರುತ್ತದೆ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಆದಂತೆ, ನೆರೆಯಲ್ಲಿ ಮುಳುಗಿದ ಕಾರಿಗೆ ಈ ಉಪಾಯ ಸಲ್ಲದು. ಎಂಜಿನ್ನಿನೊಳಗೆ ನೀರಿದ್ದರೆ ಸ್ಟಾರ್ಟ್ ಮಾಡುವುದೇ ದೊಡ್ಡ ಹಾನಿ. ಗೇರ್‌ಬಾಕ್ಸಿನ ಉಸಿರುಕೊಳವೆಯ ಮೂಲಕ ಒಳಗೂ ನೀರು ಹೋಗಿರುತ್ತದೆ. ಆಗ ಗೇರ್ ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿರುತ್ತದೆ, ಪೂರ್ತಿ ಹೊರಹಾಕಲೇಬೇಕು.

ಬೆಲ್ ಹೌಸಿಂಗ್ ಒಳಗಿನ ಕಾರಣಗಳು

ರಿಲೀಸ್ ಲಿವರ್ ಪೂರ್ತಿ ಚಲಿಸಿಯೂ ಕ್ಲಚ್ ಬಿಡದಿದ್ದರೆ: ರಿಲೀಸ್ ಫೋರ್ಕ್ ಬಿರುಕು ಬಿಟ್ಟಿದೆ, ಪ್ರೆಶರ್ ಪ್ಲೇಟಿನ ಬೆರಳು ಮುರಿದಿದೆ, ಅಥವಾ ಪ್ಲೇಟ್ ಬಾಗಿದೆ. ಘಾಟಿ ರಸ್ತೆಯ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ಅರ್ಧ ಕ್ಲಚ್ ಹಿಡಿದು ಪ್ಲೇಟ್ ಸುಟ್ಟ ವಾಸನೆ ಬಂದ ಮೇಲೆ ಗೇರ್ ಬೀಳುವುದು ಕಷ್ಟವಾಗಿದ್ದರೆ ಕೊನೆಯದನ್ನೇ ಅನುಮಾನಿಸಿ. ಬೊಲೆರೊದಂಥ ಹಿಂಚಕ್ರ ಚಾಲನೆಯ ವಾಹನಗಳಲ್ಲಿ ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್ ಬಿಗಿದುಕೊಂಡರೂ ಇನ್‌ಪುಟ್ ಶಾಫ್ಟ್ ಎಂಜಿನ್ ಜೊತೆ ತಿರುಗುತ್ತಲೇ ಇರುತ್ತದೆ.

ಗೇರ್‌ಬಾಕ್ಸ್ ಒಮ್ಮೆ ಇಳಿಸಿದ ಮೇಲೆ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಾಯಿಸಿ. ಇಳಿಸಿ ಏರಿಸುವ ಕೂಲಿಯೇ ದೊಡ್ಡದು, ಬೇರಿಂಗ್ ಉಳಿಸಿ ಏನೂ ಲಾಭವಿಲ್ಲ. ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಸೋರುತ್ತಿದೆಯೇ ಎಂದೂ ಆಗಲೇ ನೋಡಿಸಿ. ಹೊಸ ಕ್ಲಚ್ ಹಾಕಿಸಿದ ದಿನವೇ ಗೇರ್ ಬೀಳದಿದ್ದರೆ ಪ್ಲೇಟ್ ತಿರುಗುಮುರುಗಾಗಿ ಕೂತಿರಬಹುದು. ಯಾವ ಮುಖ ಫ್ಲೈವೀಲ್ ಕಡೆಗೆ ಎಂದು ಪ್ಲೇಟ್ ಮೇಲೇ ಬರೆದಿರುತ್ತದೆ. ಗೇರ್‌ಬಾಕ್ಸ್ ಏರಿಸುವಾಗ ಶಾಫ್ಟ್ ಮೇಲೆ ಅದರ ಭಾರ ಜೋತುಬಿದ್ದು ಪ್ಲೇಟ್ ಬಾಗಿರಲೂ ಸಾಕು.

ಎಂಜಿನ್ ಆಫ್ ಇದ್ದರೂ ಗೇರ್ ಬೀಳದಿದ್ದರೆ

ಲಿವರ್ ಗಂಜಿಯಲ್ಲಿ ಸೌಟು ಆಡಿಸಿದ ಹಾಗೆ ಎತ್ತೆತ್ತಲೋ ಹೋಗುತ್ತಿದ್ದರೆ ಸಂತೋಷಪಡಿ, ಇದು ಬಹುಶಃ ಅಗ್ಗದ ರಿಪೇರಿ. ಈಗಿನ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಲಿವರಿನಿಂದ ಗೇರ್‌ಬಾಕ್ಸಿಗೆ ಸಾಮಾನ್ಯವಾಗಿ ಎರಡು ಕೇಬಲ್ ಹೋಗುತ್ತವೆ. ಎಡ-ಬಲದ ಚಲನೆಗೆ ಸೆಲೆಕ್ಟ್ ಕೇಬಲ್, ಹಿಂದೆ-ಮುಂದಿನ ಚಲನೆಗೆ ಶಿಫ್ಟ್ ಕೇಬಲ್. ಅವುಗಳ ತುದಿಯಲ್ಲಿ ಗುಂಡಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಬಟ್ಟಲಿರುತ್ತದೆ. ಪ್ಲಾಸ್ಟಿಕ್ ಒಣಗಿ ಸಡಿಲವಾದಾಗ ಕಳಚಿಕೊಳ್ಳುತ್ತದೆ. ಬ್ಯಾಟರಿ ಅಥವಾ ಏರ್ ಫಿಲ್ಟರ್ ಡಬ್ಬಿಯ ಕೆಳಗೆ ಗೇರ್‌ಬಾಕ್ಸಿನ ಮೇಲ್ಭಾಗದಲ್ಲಿ ಟಾರ್ಚ್ ಬಿಟ್ಟರೆ ಕಾಣುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಮತ್ತೆ ಕೂರುತ್ತದೆ. ಕೇಬಲ್ ಟೈ ಸುತ್ತಿ ಬಿಗಿದರೆ ಗ್ಯಾರೇಜ್‌ವರೆಗೆ ಬರುತ್ತದೆ. ಅದು ಶಾಶ್ವತ ಪರಿಹಾರವಲ್ಲ, ಹೊಸ ಬುಷ್ (ಆ ಪ್ಲಾಸ್ಟಿಕ್ ಬಟ್ಟಲು) ಅಥವಾ ಕೇಬಲ್ ಹಾಕಿಸಬೇಕು.

ಯಾವ ಗೇರ್ ಬೀಳುತ್ತಿಲ್ಲ ಎಂಬುದೂ ಸುಳಿವು ಕೊಡುತ್ತದೆ. ಐದು ಗೇರಿನ ಕಾರಿನಲ್ಲಿ 1-2, 3-4, 5-ರಿವರ್ಸ್ ಎಂದು ಜೋಡಿಗಳಿರುತ್ತವೆ. ಮೂರು-ನಾಲ್ಕು ಮಾತ್ರ ಬಿದ್ದು, ಎಡಕ್ಕೂ ಬಲಕ್ಕೂ ಹೋಗದಿದ್ದರೆ ಸೆಲೆಕ್ಟ್ ಕೇಬಲ್. ಒಂದು ಜೋಡಿ ಪೂರ್ತಿ ಸಿಗದಿದ್ದರೆ ಆ ಜೋಡಿಯ ಶಿಫ್ಟ್ ಫೋರ್ಕ್. ಓಡುವಾಗ ಎರಡನೆಯದೋ ಮೂರನೆಯದೋ ಒಂದೇ ಗೇರ್ ಮಾತ್ರ ಕರ್‍ರ್ ಎಂದರೆ ಆ ಗೇರಿನ ಸಿಂಕ್ರೊ ರಿಂಗ್ ಸವೆದಿದೆ. ಲಿವರೇ ಕಲ್ಲಿನಂತೆ ನಿಂತು ಯಾವ ಕಡೆಗೂ ಅಲುಗದಿದ್ದರೆ, ಕೇಬಲನ್ನು ಗೇರ್‌ಬಾಕ್ಸ್ ತುದಿಯಲ್ಲಿ ಕಳಚಿ ಲಿವರ್ ಆಡಿಸಿ. ಈಗಲೂ ಬಿಗಿಯಾಗಿದ್ದರೆ ಕೇಬಲ್ ಹಿಡಿದಿದೆ. ಹಗುರಾಗಿದ್ದರೆ ತೊಂದರೆ ಗೇರ್‌ಬಾಕ್ಸಿನ ಒಳಗೆ.

ರಿವರ್ಸ್ ಒಂದೇ ಬೀಳದಿದ್ದರೆ ಅದರ ಬೀಗ ನೋಡಿ. ಕೆಲವು ಕಾರುಗಳಲ್ಲಿ ನಾಬ್ ಕೆಳಗಿನ ಉಂಗುರ ಎತ್ತಬೇಕು, ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ಲಿವರನ್ನು ಕೆಳಕ್ಕೆ ಒತ್ತಬೇಕು. ಉಂಗುರದ ಸಣ್ಣ ಕೇಬಲ್ ತುಂಡಾದರೆ ರಿವರ್ಸ್ ಸಿಗುವುದೇ ಇಲ್ಲ. ಸ್ವಿಫ್ಟ್, ಆಲ್ಟೊಗಳಲ್ಲಿ ರಿವರ್ಸ್ ಐದನೇ ಗೇರಿನ ಕೆಳಗೇ ಇದೆ. ಐದರಿಂದ ನೇರವಾಗಿ ಎಳೆದರೆ ಬೀಳದಂತೆ ತಡೆ ಇಟ್ಟಿರುತ್ತಾರೆ. ನಡುವಿನ ನ್ಯೂಟ್ರಲ್‌ಗೆ ಬಂದು ಹೋಗಬೇಕು.

ಎಂಜಿನ್ನನ್ನು ಹಿಡಿದಿಡುವ ಮೌಂಟ್ ಮುರಿದಿದ್ದರೂ ಗೇರ್ ಹಟ ಮಾಡುತ್ತದೆ, ಅದರಲ್ಲೂ ರಾಡ್ ಇರುವ ಹಳೆಯ ಕಾರುಗಳಲ್ಲಿ. ಬಾನೆಟ್ ತೆರೆದು, ಹ್ಯಾಂಡ್ ಬ್ರೇಕ್ ಮತ್ತು ಬ್ರೇಕ್ ಹಿಡಿದು, ಕ್ಲಚ್ಚನ್ನು ಸ್ವಲ್ಪವೇ ಬಿಟ್ಟಾಗ ಎಂಜಿನ್ ಒಂದು ಪಕ್ಕಕ್ಕೆ ಎದ್ದುನಿಲ್ಲುತ್ತದೆಯೇ ಎಂದು ಪಕ್ಕದಲ್ಲಿ ನಿಂತವರು ನೋಡಲಿ. ಮುಂದೆ ಯಾರೂ ನಿಲ್ಲಬೇಡಿ.

ಗೇರ್ ಆಯಿಲ್

ಬೆಳಿಗ್ಗೆ ಮಾತ್ರ ಎರಡನೇ ಗೇರ್ ಬಿಗಿ, ಎರಡು ಕಿಲೋಮೀಟರ್ ಓಡಿದ ಮೇಲೆ ಸರಿಯಾದರೆ ಆಯಿಲ್ ನೋಡಿ. ಹೆಚ್ಚಿನ ಕಾರುಗಳಿಗೆ 75ಡಬ್ಲ್ಯು-80 ಅಥವಾ 75ಡಬ್ಲ್ಯು-90, ಜಿಎಲ್-4 ದರ್ಜೆಯದು, ಸುಮಾರು ಎರಡು ಲೀಟರ್ ಬೇಕು. ಲಾರಿ, ಟ್ರ್ಯಾಕ್ಟರಿಗೆ ಹಾಕುವ ದಪ್ಪ ಆಯಿಲ್ ಹಾಕಿದ್ದರೆ ಚಳಿಗೆ ಅದು ಗಟ್ಟಿಯಾಗಿ ಸಿಂಕ್ರೊಗೆ ಕೆಲಸ ಮಾಡಲು ಬಿಡುವುದಿಲ್ಲ. ಜಿಎಲ್-5 ‘ಇನ್ನೂ ಒಳ್ಳೆಯದು’ ಎಂದು ಮಾರುತ್ತಾರೆ. ಅದರಲ್ಲಿರುವ ಗಂಧಕ-ರಂಜಕದ ಅಂಶ ಜಾಸ್ತಿ, ಹಿತ್ತಾಳೆಯ ಸಿಂಕ್ರೊ ರಿಂಗಿಗೆ ಒಳ್ಳೆಯದಲ್ಲ. ಕಾರಿನ ಮ್ಯಾನುಯಲ್ ಪುಸ್ತಕ ಜಿಎಲ್-4 ಎಂದರೆ ಜಿಎಲ್-4 ಮಾತ್ರ.

ಮಟ್ಟ ನೋಡಲು ಕಾರು ಸಮತಟ್ಟಾಗಿ ನಿಂತಿರಬೇಕು. ಪಕ್ಕದ ಫಿಲ್ಲರ್ ಬೋಲ್ಟ್ ತೆಗೆದರೆ ಆಯಿಲ್ ರಂಧ್ರದ ಕೆಳ ಅಂಚಿಗೆ ಮುಟ್ಟಿರಬೇಕು. ಬದಲಾಯಿಸುವಾಗ ಮರೆಯಬಾರದ ಒಂದು ಮಾತು: ಮೊದಲು ಫಿಲ್ಲರ್ ಬೋಲ್ಟ್ ತೆಗೆಯಿರಿ, ಆಮೇಲೆ ಡ್ರೇನ್ ಬೋಲ್ಟ್. ಎಲ್ಲ ಸುರಿಸಿದ ಮೇಲೆ ಫಿಲ್ಲರ್ ಬಿಚ್ಚಲೇ ಬರದಿದ್ದರೆ ಕಾರು ಅಲ್ಲೇ ಉಳಿಯುತ್ತದೆ. ಡ್ರೇನ್ ಬೋಲ್ಟಿನ ಅಯಸ್ಕಾಂತದ ಮೇಲೆ ಬೂದುಬಣ್ಣದ ಸಣ್ಣ ಪೇಸ್ಟ್ ಇದ್ದರೆ ಸಹಜ. ಬಂಗಾರದ ಬಣ್ಣದ ಮಿನುಗು ಆಯಿಲ್ ತುಂಬ ಕಂಡರೆ ಸಿಂಕ್ರೊ ಸವೆಯುತ್ತಿದೆ. ಉಕ್ಕಿನ ಚೂರು ಸಿಕ್ಕರೆ ಮತ್ತೆ ಓಡಿಸದೆ ಗೇರ್‌ಬಾಕ್ಸ್ ಬಿಚ್ಚಿಸಿ. ಜಾಕಿ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಬೇಡಿ. ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಕಲ್ಲಿಟ್ಟು ಕೆಲಸ ಮಾಡಿ.

ದಾರಿಯಲ್ಲಿ ಕ್ಲಚ್ ಕೈಕೊಟ್ಟರೆ

ಹಜಾರ್ಡ್ ದೀಪ ಹಾಕಿ, ಸಾಧ್ಯವಾದರೆ ಪಕ್ಕಕ್ಕೆ ತಳ್ಳಿ, ತ್ರಿಕೋನ ಫಲಕ ಇಡಿ. ಟೋಯಿಂಗ್ ಸಿಗುವ ಜಾಗವಾದರೆ ಕರೆಸುವುದೇ ಸರಿ. ಸಿಗದ ಹಳ್ಳಿ ರಸ್ತೆಯಾದರೆ, ಎಂಜಿನ್ ಆಫ್ ಇರುವಾಗ ಮೊದಲ ಗೇರ್ ಹಾಕಿ ಸ್ಟಾರ್ಟರ್‌ನಿಂದಲೇ ಕಾರು ಹೊರಡಿಸಬಹುದು. ವೇಗ ಸ್ವಲ್ಪ ಬಂದಾಗ ಆಕ್ಸಿಲರೇಟರ್ ಬಿಟ್ಟ ಕ್ಷಣ ಲಿವರನ್ನು ನ್ಯೂಟ್ರಲ್‌ಗೆ ಎಳೆದು, ಎಂಜಿನ್ ವೇಗ ಇಳಿಯುತ್ತಿರುವಾಗ ಎರಡು ಬೆರಳಿನ ಬಲದಲ್ಲಿ ಎರಡನೇ ಗೇರ್ ಕಡೆಗೆ ಒತ್ತಿಹಿಡಿದರೆ ತಾನಾಗಿ ಜಾರಿಬೀಳುತ್ತದೆ. ನಿಲ್ಲಿಸುವ ಮೊದಲು ನ್ಯೂಟ್ರಲ್‌ಗೆ ತನ್ನಿ. ಕ್ಲಚ್ ಒತ್ತಿದರೆ ಮಾತ್ರ ಸ್ಟಾರ್ಟ್ ಆಗುವ ಕಾರುಗಳಲ್ಲಿ ಪೆಡಲ್ ಸ್ವಿಚ್ಚಿಗೆ ಸಿಗದಿದ್ದರೆ ಇದು ನಡೆಯುವುದಿಲ್ಲ. ನಗರದ ಟ್ರಾಫಿಕ್ಕಿನಲ್ಲಿ, ಘಾಟಿಯಲ್ಲಿ ಖಂಡಿತ ಪ್ರಯತ್ನಿಸಬೇಡಿ.

ಎಎಂಟಿ ಮತ್ತು ಆಟೊಮ್ಯಾಟಿಕ್

2014ರಲ್ಲಿ ಸೆಲೆರಿಯೊ ಜೊತೆ ನಮ್ಮಲ್ಲಿ ಜನಪ್ರಿಯವಾದ ಎಎಂಟಿ ಒಳಗೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವುದು, ಗೇರ್ ಹಾಕುವುದು ಯಂತ್ರದ ಕೆಲಸ, ಅಷ್ಟೇ. ‘ಡಿ’ಗೆ ಹಾಕಿದರೂ ಫಲಕದಲ್ಲಿ ‘ಎನ್’ ಮಿಟುಕುತ್ತಿದ್ದರೆ ಮೊದಲು ಬ್ರೇಕ್ ಗಟ್ಟಿಯಾಗಿ ಒತ್ತಿ, ಹಿಂದಿನ ಬ್ರೇಕ್ ದೀಪ ಹತ್ತುತ್ತಿದೆಯೇ ಎಂದು ಯಾರಾದರೂ ನೋಡಲಿ. ದೀಪ ಹತ್ತದಿದ್ದರೆ ಬ್ರೇಕ್ ಸ್ವಿಚ್ ಅಥವಾ ಫ್ಯೂಸ್. ನೀವು ಬ್ರೇಕ್ ಒತ್ತಿರುವುದು ಕಂಪ್ಯೂಟರಿಗೆ ಗೊತ್ತೇ ಆಗಿಲ್ಲ. ಬ್ಯಾಟರಿ ದುರ್ಬಲವಾದರೂ ಗೇರ್ ಹಾಕುವ ಯಂತ್ರ ಕೆಲಸ ಮಾಡುವುದಿಲ್ಲ. ಎಂಜಿನ್ ನಿಂತಾಗ ಬ್ಯಾಟರಿ 12.4 ವೋಲ್ಟ್‌ಗಿಂತ ಮೇಲಿರಬೇಕು. ಎಎಂಟಿಯಲ್ಲಿ ಕ್ಲಚ್ ಬದಲಾಯಿಸಿದ ಮೇಲೆ ಸ್ಕ್ಯಾನರ್ ಹಾಕಿ ಹೊಸ ಕ್ಲಚ್ ಹಿಡಿಯುವ ಬಿಂದುವನ್ನು ಕಂಪ್ಯೂಟರಿಗೆ ಕಲಿಸಬೇಕು. ಅದನ್ನು ಮಾಡದೆ ಕೊಟ್ಟ ಕಾರು ಎಳೆದಾಡುತ್ತದೆ, ಗೇರ್ ತಪ್ಪಿಸುತ್ತದೆ. ಸ್ಕ್ಯಾನರ್ ಇದೆಯೇ ಎಂದು ಕೇಳಿಯೇ ಕೆಲಸ ಒಪ್ಪಿಸಿ.

‘ಪಿ’ ಇರುವ ಆಟೊಮ್ಯಾಟಿಕ್ ಕಾರಿನಲ್ಲಿ ಲಿವರ್ ಪಿಯಿಂದ ಕದಲದಿದ್ದರೆ ಅದೇ ಬ್ರೇಕ್ ದೀಪದ ಪರೀಕ್ಷೆ ಮಾಡಿ. ಇಗ್ನಿಷನ್ ಆನ್ ಮಾಡಿ ಬ್ರೇಕ್ ಒತ್ತಿದಾಗ ಲಿವರಿನ ಬುಡದಲ್ಲಿ ‘ಟಿಕ್’ ಎಂಬ ಸದ್ದು ಬಂದರೆ ಬೀಗದ ವಿದ್ಯುತ್ ಭಾಗ ಸರಿ ಇದೆ. ಲಿವರಿನ ಸಂದಿಯಲ್ಲಿ ನಾಣ್ಯ, ತಿಂಡಿಚೂರು ಸಿಕ್ಕಿಕೊಂಡಿದೆಯೇ ನೋಡಿ. ತುರ್ತಿಗೆ, ಅನೇಕ ಕಾರುಗಳಲ್ಲಿ ಲಿವರಿನ ಪಕ್ಕ ಸಣ್ಣ ಮುಚ್ಚಳವಿರುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಒತ್ತಿ, ಮುಚ್ಚಳ ತೆಗೆದ ರಂಧ್ರದಲ್ಲಿ ಕೀ ಅಥವಾ ಸ್ಕ್ರೂಡ್ರೈವರ್ ಒತ್ತಿಹಿಡಿದರೆ ಲಿವರ್ ಎನ್‌ಗೆ ಬರುತ್ತದೆ.

ಇಳಿಜಾರಿನಲ್ಲಿ ನಿಲ್ಲಿಸಿದ ಕಾರು ಪಿಯಲ್ಲಿ ಕಚ್ಚಿಕೊಂಡಿದ್ದರೆ, ಬ್ರೇಕ್ ಮೇಲೆ ಕಾಲಿಟ್ಟವರು ಒಳಗಿರುವಾಗ ಇಬ್ಬರು ಕಾರನ್ನು ಏರಿನ ಕಡೆಗೆ ತುಸು ನೂಕಿದರೆ ಬಿಡುತ್ತದೆ. ಮುಂದಿನ ಸಲ ಮೊದಲು ಎನ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕ್ ನಿಧಾನವಾಗಿ ಬಿಟ್ಟು ಕಾರಿನ ಭಾರ ಹ್ಯಾಂಡ್ ಬ್ರೇಕ್ ಮೇಲೆ ಕೂರಲು ಬಿಡಿ. ಆಮೇಲೆ ಮತ್ತೆ ಬ್ರೇಕ್ ಒತ್ತಿ ಪಿಗೆ ಹಾಕಿ.

ಲಿವರ್ ಡಿಗೆ ಬಂದರೂ ಕಾರು ಕದಲದಿದ್ದರೆ, ಅಥವಾ ಎರಡು ಮೂರು ಸೆಕೆಂಡ್ ತಡವಾಗಿ ಧಡಕ್ಕೆಂದು ಹೊರಟರೆ ಗೇರ್‌ಬಾಕ್ಸಿನ ಆಯಿಲ್ ಕಡಿಮೆಯಾಗಿದೆ ಎಂಬ ಅನುಮಾನ ಮೊದಲು ಬರಬೇಕು. ಆ ಸ್ಥಿತಿಯಲ್ಲಿ ಆಕ್ಸಿಲರೇಟರ್ ಒತ್ತಿ ಓಡಿಸಲು ನೋಡಿದರೆ ಒಳಗಿನ ಕ್ಲಚ್‌ಗಳು ಸುಡುತ್ತವೆ. ಹಗ್ಗ ಕಟ್ಟಿ ಎಳೆಸುವುದೂ ಬೇಡ. ಎಂಜಿನ್ ನಿಂತಾಗ ಒಳಗಿನ ಆಯಿಲ್ ಪಂಪ್ ತಿರುಗುವುದಿಲ್ಲ, ಚಕ್ರಗಳು ಮಾತ್ರ ಗೇರ್‌ಬಾಕ್ಸನ್ನು ಒಣಗಿಯೇ ತಿರುಗಿಸುತ್ತವೆ. ಮುಂಚಕ್ರ ಚಾಲನೆಯ ಕಾರಾದರೆ ಮುಂದಿನ ಎರಡು ಚಕ್ರ ಎತ್ತಿ, ಇಲ್ಲವೇ ಕಾರನ್ನು ಪೂರ್ತಿಯಾಗಿ ಟೋಯಿಂಗ್ ಗಾಡಿಯ ಮೇಲೆ ಏರಿಸಿಯೇ ಸಾಗಿಸಬೇಕು.